ಅಪ್‌ಡೇಟ್: ಸಿಗರೇಟ್ ಬಿಟ್ಟು 47 ದಿನ

ದಿನಕ್ಕೆ 12 ಸಿಗರೇಟ್ ಸೇದುತ್ತೇನೆ, ನಿಕೋಟಿನ್ ಗಮ್ ಅಗಿದರೂ ಚಟ ಬಿಡುತ್ತಿಲ್ಲ ಅಂತ ಕೇಳಿದ್ದೆ ಅಲ್ವಾ? ಇವತ್ತಿಗೆ ಬಿಟ್ಟು 47 ದಿನ.

ತಪ್ಪು ನಾನು ಗಮ್ ಅಗಿಯುವ ರೀತಿಯಲ್ಲೇ ಇತ್ತು. ಸುಮ್ನೆ ಒಂದೇ ಸಮ ಅಗಿದು, ಜೊತೆಗೆ ಕಾಫಿ ಕುಡಿಯುತ್ತಿದ್ದೆ. ನಿಧಾನವಾಗಿ ಅಗಿಯಬೇಕು. ಖಾರ ಅನಿಸಿದ ಕೂಡಲೇ ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಕಾಫಿ ಕುಡಿದು 15 ನಿಮಿಷವಾದರೂ ಬಿಟ್ಟು ಬಾಯಿಗೆ ಹಾಕಬೇಕು. ಇಲ್ಲಾಂದ್ರೆ ನಿಕೋಟಿನ್ ಸರಿಯಾಗಿ ಒಳಗೆ ಸೇರುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವನು ನಾನು, ಹಾಗಾಗಿ ಡಾಕ್ಟರ್ 2 ಮಿ.ಗ್ರಾಂ ಬದಲು 4 ಬರೆದುಕೊಟ್ಟರು.

ಮೂರನೇ ದಿನ ಸಿಕ್ಕಾಪಟ್ಟೆ ಕಷ್ಟ ಆಯ್ತು. ಕೈ ನಡುಗುತ್ತಿತ್ತು. ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ, ನೀವೂ ಮಾಡಿ.

ನಿನ್ನೆ ಮಗಳು ಕುತ್ತಿಗೆಗೆ ಜೋತುಬಿದ್ದು, "ಅಪ್ಪಾ, ವಾಸನೆ ಇಲ್ಲ" ಅಂದಳು.