ಅಪ್‌ಡೇಟ್: ತೋಟದ ಶೆಡ್ಡಿನಲ್ಲಿ ಮೈಲುತುತ್ತ, ಸುಣ್ಣ, ಕತ್ತಿ ಇಡೋ ವಿಚಾರ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಶೆಡ್ಡಿನಲ್ಲಿ ಮಳೆಗಾಲ ಬಂತಂದ್ರೆ ಕಬ್ಬಿಣದ ಸಾಮಾನೆಲ್ಲ ತುಕ್ಕು, ಸುಣ್ಣ ಗಟ್ಟಿ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಎರಡನೇ ಸಲದ ಔಷಧಿ (ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಮಾಡೋ ಬೋರ್ಡೋ ದ್ರಾವಣ) ಹೊಡೆದು ಮುಗೀತು, ಅದಕ್ಕೇ ಈಗ ಬರೀತಿದ್ದೀನಿ.

ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್, ಕಬ್ಬಿಣವನ್ನ ತಿನ್ನುತ್ತೆ. ಹಾಗಾಗಿ ಅದನ್ನ ಗುದ್ದಲಿ, ಹಾರೆ ಇರೋ ಮೂಲೆಯಿಂದ ದೂರ, ಮುಚ್ಚಳ ಬಿಗಿಯಾಗಿರೋ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿದೆ. ಸುಣ್ಣಕ್ಕೂ ಬೇರೆ ಡ್ರಮ್ಮು, ನೆಲ ತಾಗದ ಹಾಗೆ ಹಲಗೆ ಮೇಲೆ. ಇದರಿಂದ ಸಿಕ್ಕ ಲಾಭ ದೊಡ್ಡದು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ ಅನ್ನೋ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಗಾಳಿ ಕುಡಿದು ಸತ್ವ ಹೋದ ಸುಣ್ಣಕ್ಕೆ ಆ ಲೆಕ್ಕ ನಡೆಯಲ್ಲ. ಉಜ್ಜಿದ ಕತ್ತಿಯನ್ನ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತಲೇ ಅರ್ಥ. ಈ ಸಲ ಅಲಗು ಬೆಳ್ಳಗೇ ಬಂತು, ಎಷ್ಟು ಖುಷಿಯಾಯ್ತು ಅಂದ್ರೆ ಮನೆಯವರನ್ನೂ ಕರೆದು ತೋರಿಸಿದೆ.

ಸಾಗರದ ಅಕ್ಕ ಒಬ್ಬರು ಹೇಳಿದ ಹಾಗೆ ಕತ್ತಿಗಳಿಗೆ ಎಣ್ಣೆ ಸವರಿ ತೂಗುಹಾಕಿದ್ದೀನಿ, ತುಕ್ಕಿಲ್ಲ. ಅಡಿಕೆ ಕೊನೆ ಕೊಯ್ಯೋ ಉದ್ದನೆಯ ದೋಟಿ ತೊಲೆ ಮೇಲೆ ಮಲಗಿದೆ. ಕಳೆನಾಶಕ ಮಾತ್ರ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಮಕ್ಕಳು ಓಡಾಡೋ ಜಾಗ, ಅದರಲ್ಲಿ ರಾಜಿ ಬೇಡ.

ಸ್ಪ್ರೇಯರ್ ಪೈಪನ್ನ ಇಲಿ ಕಡಿಯೋದು ಇನ್ನೂ ನಿಂತಿಲ್ಲ. ಸುತ್ತಿ ಎತ್ತರಕ್ಕೆ ನೇತುಹಾಕಿದ್ರೂ ಬಿಡ್ತಿಲ್ಲ. ಯಾರಿಗಾದ್ರೂ ಉಪಾಯ ಗೊತ್ತಿದ್ರೆ ದಯವಿಟ್ಟು ಹೇಳಿ.