1064 ನ್ಯಾನೋಮೀಟರ್ ಸಿಂಗಲ್ ಫ್ರೀಕ್ವೆನ್ಸಿ ಲೇಸರ್: 50 ವ್ಯಾಟ್ ದಾಟಲು ಕ್ರಿಸ್ಟಲ್ ಫೈಬರ್ ಸರಿಹೋಗುತ್ತಾ?

ಬೆಳಕುಗಳ್ಳ:
ನಮ್ಮ ಲ್ಯಾಬಿನಲ್ಲಿ 1064 ನ್ಯಾನೋಮೀಟರ್‌ನ 1 ವ್ಯಾಟ್ ಎನ್‌ಪಿಆರ್‌ಒ ಸೀಡ್ ಇದೆ, ಅಂದರೆ ಒಂದೇ ಫ್ರೀಕ್ವೆನ್ಸಿಯ ಬೆಳಕು ಕೊಡುವ ಪುಟ್ಟ ಮೂಲ ಲೇಸರ್. ಅದರ ಮುಂದೆ ಇಟ್ಟರ್ಬಿಯಂ ಹಾಕಿದ ಗಾಜಿನ ಫೈಬರ್ ಆಂಪ್ಲಿಫೈಯರ್ (ಬೆಳಕಿನ ಪವರ್ ಹೆಚ್ಚಿಸುವುದು), 20 ಮೈಕ್ರಾನ್ ಮೋಡ್ (ಒಳಗೆ ಸಾಗುವ ಬೆಳಕಿನ ಅಗಲ), 2 ಮೀಟರ್ ಉದ್ದ. 50 ವ್ಯಾಟ್ ದಾಟುತ್ತಿದ್ದ ಹಾಗೆ ಹಿಂದಕ್ಕೆ ಬರುವ ಬೆಳಕು ಏಕಾಏಕಿ ಏರುತ್ತದೆ, ಔಟ್‌ಪುಟ್ ಕುಣಿಯಲು ಶುರು ಮಾಡುತ್ತದೆ. ಎಸ್‌ಬಿಎಸ್ ಅಂತ ಗೊತ್ತು, ಅಂದರೆ ಪವರ್ ಹೆಚ್ಚಾದಾಗ ಬೆಳಕು ಫೈಬರಿನೊಳಗೆ ಶಬ್ದದ ಅಲೆ ಎಬ್ಬಿಸಿ ಅದರಿಂದಲೇ ಹಿಂದಕ್ಕೆ ಚದುರುವುದು. ಫೇಸ್ ಮಾಡ್ಯುಲೇಟರ್ ಹಾಕಿ ಲೈನ್ (ಫ್ರೀಕ್ವೆನ್ಸಿಯ ಹರವು) ಅಗಲ ಮಾಡಿದರೆ ಅದು ಹೋಗುತ್ತದೆ, ಆದರೆ ನಮಗೆ ಬೇಕಿರುವುದೇ ಸಿಂಗಲ್ ಫ್ರೀಕ್ವೆನ್ಸಿ, ಅದನ್ನೇ ಕಳೆದುಕೊಂಡು ಏನು ಪ್ರಯೋಜನ? ಈಗ ನಮ್ಮ ಗೈಡ್ ಇಟ್ಟರ್ಬಿಯಂ ಹಾಕಿದ ಯಾಗ್ (ಲೇಸರಿಗೆ ಬಳಸುವ ಒಂದು ಕ್ರಿಸ್ಟಲ್) ಕ್ರಿಸ್ಟಲ್ ಫೈಬರ್ ತರಿಸೋಣ ಅನ್ನುತ್ತಿದ್ದಾರೆ. 150 ವ್ಯಾಟ್ ಗುರಿ. ಕ್ರಿಸ್ಟಲ್ ಆದ ಮಾತ್ರಕ್ಕೆ ಎಸ್‌ಬಿಎಸ್ ಬರುವುದಿಲ್ವಾ? ಬಳಸಿದವರು ಇದ್ದರೆ ಹೇಳಿ ಪ್ಲೀಸ್.

ಹಳೇ_ಆಪ್ಟಿಕ್ಸ್:
ಯಾಗ್‌ನಲ್ಲಿ ಬ್ರಿಲ್ಲುವಾ ಗೇನ್ (ಎಸ್‌ಬಿಎಸ್ ಎಷ್ಟು ಸುಲಭವಾಗಿ ಬೆಳೆಯುತ್ತದೆ ಅನ್ನುವುದು) ಗಾಜಿಗಿಂತ ಕಡಿಮೆ, ಅದು ನಿಜ. ಆದರೆ ದೊಡ್ಡ ಕಾರಣ ಅದಲ್ಲ, ಅಳತೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಎಸ್‌ಬಿಎಸ್ ಶುರುವಾಗುವ ಪವರ್ ಅಂದರೆ ಹೆಚ್ಚುಕಮ್ಮಿ 21 ಗುಣಿಸು ಮೋಡ್ ವಿಸ್ತೀರ್ಣ, ಭಾಗಿಸು ಬ್ರಿಲ್ಲುವಾ ಗೇನ್ ಮತ್ತು ಉದ್ದ. ನಿಮ್ಮ ಫೈಬರಿಗೆ ಇದನ್ನು ಹಾಕಿದರೆ 65 ವ್ಯಾಟ್ ಆಸುಪಾಸು ಬರುತ್ತದೆ, ನೀವು ನೋಡಿದ್ದಕ್ಕೆ ಹತ್ತಿರವೇ ಇದೆ ಅಲ್ವಾ. ಈಗ ಮಾರುಕಟ್ಟೆಯಲ್ಲಿ ಸಿಗುವ ಕ್ರಿಸ್ಟಲ್ ಫೈಬರ್ ನೋಡಿ: 1 ಮಿಲಿಮೀಟರ್ ದಪ್ಪ, 4 ಸೆಂಟಿಮೀಟರ್ ಉದ್ದ. ಹೆಸರಿಗೆ ಫೈಬರ್, ನೋಡಲು ಪೆನ್ಸಿಲ್ ಸೀಸದ ತುಂಡು. ಅದರೊಳಗೆ ಬೀಮ್ ಅಗಲ 400 ಮೈಕ್ರಾನ್ ಇಟ್ಟರೆ ವಿಸ್ತೀರ್ಣ 400 ಪಟ್ಟು ಹೆಚ್ಚು, ಉದ್ದ 50 ಪಟ್ಟು ಕಡಿಮೆ. ಬ್ರಿಲ್ಲುವಾ ಗೇನ್ ಗಾಜಿನಷ್ಟೇ ಅಂದುಕೊಂಡರೂ ಮಿತಿ 20 ಸಾವಿರ ಪಟ್ಟು ಮೇಲೆ ಹೋಯಿತು. ಎಸ್‌ಬಿಎಸ್ ಚಿಂತೆ ಅಲ್ಲಿಗೆ ಮುಗಿಯಿತು.

ಆದರೆ ಇದು ಬಿಟ್ಟಿ ಸಿಗುವುದಿಲ್ಲ. ಈ ಕಡ್ಡಿಯಲ್ಲಿ ಪಂಪ್ ಬೆಳಕು (ಕ್ರಿಸ್ಟಲಿಗೆ ಶಕ್ತಿ ತುಂಬುವುದು) ಮಾತ್ರ ಪಾಲಿಶ್ ಮಾಡಿದ ಗೋಡೆಗೆ ಬಡಿದು ಬಡಿದು ಒಳಗೇ ಸಾಗುತ್ತದೆ, ಸಿಗ್ನಲ್ (ನಾವು ಹೆಚ್ಚಿಸಬೇಕಾದ ಬೆಳಕು) ಗಾಳಿಯಲ್ಲಿ ಹೋದ ಹಾಗೆ ನೇರ ಹೋಗುತ್ತದೆ. ಅದನ್ನು ಹಿಡಿದುಕೊಳ್ಳುವ ಕೋರ್ ಇಲ್ಲ. ಹಾಗಾಗಿ ಸಿಗ್ನಲಿನ ಗೇನ್ (ಪವರ್ ಎಷ್ಟು ಪಟ್ಟು ಏರುತ್ತದೆ ಅನ್ನುವುದು) ಕಡಿಮೆ, ಒಂದು ಸಲ ಹಾದುಹೋದರೆ ಕೆಲವು ಪಟ್ಟು ಅಷ್ಟೇ. ಇಟ್ಟರ್ಬಿಯಂ ಯಾಗ್‌ನ ಸ್ಯಾಚುರೇಶನ್ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 9.5 ಕಿಲೋವ್ಯಾಟ್. 400 ಮೈಕ್ರಾನ್ ಬೀಮಿಗೆ ಅದು 12 ವ್ಯಾಟ್ ಆಗುತ್ತದೆ. ನಿಮ್ಮ 1 ವ್ಯಾಟ್ ಸೀಡನ್ನು ನೇರ ಬಿಟ್ಟರೆ ಕ್ರಿಸ್ಟಲಿನಲ್ಲಿ ಕೂಡಿಟ್ಟ ಶಕ್ತಿಯನ್ನು ಎಳೆದುಕೊಳ್ಳಲು ಅದರ ಕೈಲಿ ಆಗಲ್ಲ. ಆದ್ದರಿಂದ ಫೈಬರ್ ತೆಗೆದುಹಾಕುವ ಮಾತೇ ಬೇಡ. ಅದು ನೆಮ್ಮದಿಯಾಗಿ ಓಡುವ 30 ವ್ಯಾಟಿನಲ್ಲಿ ಇಟ್ಟುಕೊಂಡು, ಮುಂದಿನ ಹಂತಕ್ಕೆ ಕ್ರಿಸ್ಟಲ್ ಹಾಕಿ.

ಯಾಗ್_ಮಾಮ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಆರ್ಡರ್ ಹಾಕುವ ಮೊದಲು ಒಂದು ನಿಮಿಷ ನಿಲ್ಲಿ. ಇಟ್ಟರ್ಬಿಯಂ ಯಾಗ್ ಗೇನ್ ಇರುವುದು 1030 ನ್ಯಾನೋಮೀಟರಿನಲ್ಲಿ! ಗಾಜಿನಲ್ಲಿ ಇಟ್ಟರ್ಬಿಯಂ ಗೇನ್ ಅಗಲವಾಗಿ ಹರಡಿರುತ್ತದೆ, ಅದಕ್ಕೇ ನಿಮ್ಮ ಈಗಿನ ಆಂಪ್ಲಿಫೈಯರ್ 1064ರಲ್ಲಿ ಆರಾಮಾಗಿ ಓಡುತ್ತಿದೆ. ಕ್ರಿಸ್ಟಲಿನಲ್ಲಿ ಅದು ಕಿರಿದು, 1064ಕ್ಕೆ ಹೋದರೆ ಹೆಚ್ಚೇನೂ ಉಳಿದಿರುವುದಿಲ್ಲ. ಎರಡೇ ದಾರಿ. ಸೀಡ್ ಬದಲಿಸಿ 1030ಕ್ಕೆ ಹೋಗಬೇಕು, ಇಲ್ಲವೇ ನಿಯೋಡಿಮಿಯಂ ಯಾಗ್ ಕಡ್ಡಿ ತರಿಸಬೇಕು. ನಿಯೋಡಿಮಿಯಂ ಆದರೆ ಸ್ಯಾಚುರೇಶನ್ ಸುಲಭ, ಚದರ ಸೆಂಟಿಮೀಟರಿಗೆ ಸುಮಾರು 2.9 ಕಿಲೋವ್ಯಾಟ್ ಸಾಕು, ಆದರೆ ಬಿಸಿ ಜಾಸ್ತಿ. 808ರಲ್ಲಿ ಪಂಪ್ ಮಾಡಿ 1064 ತೆಗೆದರೆ ಶೇ. 24 ಬರೀ ಶಾಖಕ್ಕೆ ಹೋಗುತ್ತದೆ. ಇಟ್ಟರ್ಬಿಯಂನಲ್ಲಿ 940ರಿಂದ 1030ಕ್ಕೆ ಶೇ. 9 ಮಾತ್ರ, 969ರಲ್ಲಿ ಪಂಪ್ ಮಾಡಿದರೆ ಶೇ. 6. ಯಾಗ್ ಶಾಖ ಸಾಗಿಸುವುದರಲ್ಲಿ ಗಾಜಿಗಿಂತ ಏಳೆಂಟು ಪಟ್ಟು ಮೇಲು ಅನ್ನುವುದು ನಿಜ, ಆದರೂ ಬಿಸಿಯಾದ ಕ್ರಿಸ್ಟಲ್ ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಕೆಡಿಸುತ್ತದೆ. 150 ವ್ಯಾಟಿನಲ್ಲಿ ಅದು ತಲೆನೋವು.

2012ರಲ್ಲಿ ಫ್ರಾನ್ಸ್ ಮತ್ತು ಸ್ಟುಟ್‌ಗಾರ್ಟ್‌ನವರು ಸೇರಿ ಇಂಥದ್ದೇ ಇಟ್ಟರ್ಬಿಯಂ ಯಾಗ್ ಕಡ್ಡಿಯಿಂದ 250 ವ್ಯಾಟ್ ತೆಗೆದರು. ಆದರೆ ಅದು ಆಸಿಲೇಟರ್ (ಸೀಡ್ ಇಲ್ಲದೆ ತಾನೇ ಬೆಳಕು ಹುಟ್ಟಿಸುವ ಲೇಸರ್), ಸಿಂಗಲ್ ಫ್ರೀಕ್ವೆನ್ಸಿ ಅಲ್ಲ. ಅದನ್ನು ತೋರಿಸಿ ನಿಮ್ಮ ಗೈಡ್ 150 ಅಂದಿದ್ದರೆ ಸ್ವಲ್ಪ ಮಾತಾಡಿ.

ಸುಮ್ನಿರೋನು:
ಒಂದು ಡೌಟು. ಕೋರ್ ಇಲ್ಲ ಅಂದ್ರಲ್ಲ, ಯಾಗ್ ಕೋರ್ ಇರುವ ತೆಳು ಫೈಬರ್ ಬಗ್ಗೆ ಪೇಪರ್ ಬಂದಿವೆಯಲ್ಲ?

ಯಾಗ್_ಮಾಮ:
ಎರಡು ಬೇರೆ ಬೇರೆ ವಸ್ತುಗಳನ್ನು ಬೆರೆಸಬೇಡಿ. ಯಾಗ್ ಕಡ್ಡಿಯನ್ನು ಸಿಲಿಕಾ ಕೊಳವೆಯಲ್ಲಿಟ್ಟು ಎಳೆಯುವ ಫೈಬರ್ ಒಂದಿದೆ. ಎಳೆಯುವ ಬಿಸಿ 2000 ಡಿಗ್ರಿ ಹತ್ತಿರ, ಒಳಗಿನ ಯಾಗ್ ಕರಗುತ್ತದೆ, ಸಿಲಿಕಾ ಅದರೊಳಗೆ ಸೇರುತ್ತದೆ. ತಣ್ಣಗಾದ ಮೇಲೆ ಸಿಗುವುದು ಗಾಜು, ಕ್ರಿಸ್ಟಲ್ ಅಲ್ಲ. ಬ್ರಿಲ್ಲುವಾ ಗೇನ್ ಕಡಿಮೆ ಇರುವುದರಿಂದ ಅದಕ್ಕೂ ಬೆಲೆ ಇದೆ, ಆದರೆ ಯಾಗ್‌ನ ಶಾಖ ಸಾಗಿಸುವ ಗುಣ ಹೋಯಿತು.

ನಿಜವಾದ ಕ್ರಿಸ್ಟಲ್ ಕೋರ್ ಫೈಬರೂ ಇದೆ. ಲೇಸರಿನಿಂದ ಕಡ್ಡಿಯ ತುದಿ ಕರಗಿಸಿ ಎಳೆ ತೆಗೆಯುತ್ತಾರೆ. ಕಷ್ಟ ಇರುವುದು ಹೊರ ಪದರದಲ್ಲಿ. ಯಾಗ್ ವಕ್ರೀಭವನ ಸೂಚ್ಯಂಕ 1.82, ಸಿಲಿಕಾ 1.45. ಇಷ್ಟು ಅಂತರ ಇದ್ದರೆ ನೂರಾರು ಮೋಡ್ (ಬೆಳಕು ಸಾಗುವ ಬೇರೆ ಬೇರೆ ವಿನ್ಯಾಸ) ಓಡುತ್ತವೆ. ಹೊರಗೂ ಯಾಗ್ ತರಹದ್ದೇ ಕ್ರಿಸ್ಟಲ್ ಬೆಳೆಸಬೇಕು, ಅದು ಸಂಶೋಧನೆ ಮಾಡುವವರ ಕೆಲಸ. ಲೇಸರ್ ಬೇಕಾದವರು ಅದಕ್ಕೆ ಕಾಯಬಾರದು ಅಂತ ನನ್ನ ಅಭಿಪ್ರಾಯ.

ಬೆಳಕುಗಳ್ಳ:
ತುಂಬಾ ಥ್ಯಾಂಕ್ಸ್. ನಮ್ಮದು ರುಬಿಡಿಯಂ ಆಪ್ಟಿಕಲ್ ಲ್ಯಾಟಿಸ್, ಅಂದರೆ ಲೇಸರ್ ಬೆಳಕಿನ ಜಾಲರಿಯಲ್ಲಿ ರುಬಿಡಿಯಂ ಪರಮಾಣುಗಳನ್ನು ಹಿಡಿದಿಡುವುದು. 1064 ಆಗಲೇಬೇಕು ಅಂತೇನಿಲ್ಲ, ಸೀಡ್ ಇತ್ತು ಅಂತ ಇಟ್ಟುಕೊಂಡಿದ್ದೆವು. ಆಂಪ್ಲಿಫೈಯರ್ ಪಕ್ಕದ ಟೇಬಲ್ ಮೇಲಿದೆ, ಅಲ್ಲಿಂದ 5 ಮೀಟರ್ ಫೈಬರಿನಲ್ಲಿ ಬೆಳಕು ತರುತ್ತೇವೆ.

ಹಳೇ_ಆಪ್ಟಿಕ್ಸ್:
ರುಬಿಡಿಯಂ ಬೆಳಕು ಹೀರುವ 780, 795 ನ್ಯಾನೋಮೀಟರಿನಿಂದ 1030ಕ್ಕೂ ಸಾಕಷ್ಟು ದೂರ ಇದೆ, ಟ್ರಾಪ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲ್ಯಾಟಿಸ್ ಅಂತರ 532 ಇದ್ದದ್ದು 515 ನ್ಯಾನೋಮೀಟರ್ ಆಗುತ್ತದೆ, ಕನ್ನಡಿಗಳ ಕೋಟಿಂಗ್ ನೋಡಿಕೊಳ್ಳಿ, ಫೈಬರ್ ಆಂಪ್ಲಿಫೈಯರ್ 1030ಕ್ಕೆ ಹೊಂದುತ್ತಾ ಅಂತಲೂ. ಆದರೆ ಆ 5 ಮೀಟರ್ ಫೈಬರ್ ಇದೆಯಲ್ಲ, ಅದಕ್ಕೂ ಅದೇ ಸೂತ್ರ ಹಾಕಿ. 10 ಮೈಕ್ರಾನ್ ಮೋಡ್ ಆದರೆ 7 ವ್ಯಾಟಿಗೇ ಎಸ್‌ಬಿಎಸ್ ಹತ್ತಿರ ಬಂದಿರುತ್ತದೆ. 150 ವ್ಯಾಟ್ ಮಾಡಿ ಅದನ್ನು ಅಲ್ಲಿಂದ ತರಲಾಗದಿದ್ದರೆ ಏನು ಸುಖ? ಕ್ರಿಸ್ಟಲ್ ಹಂತವನ್ನು ಪರಮಾಣುಗಳಿರುವ ಟೇಬಲ್ ಮೇಲೆಯೇ ಇಡಲು ಜಾಗ ಮಾಡಿ, ತಣ್ಣೀರಿನ ಪೈಪಿನ ನಡುಕ ಕನ್ನಡಿಗಳಿಗೆ ಹತ್ತದ ಹಾಗೆ.