97 ಬಂದರೂ ಸೀಟಿಲ್ಲ, 95ಕ್ಕೆ ಸಿಕ್ಕಿತು: ನ್ಯೂಯಾರ್ಕ್ ಹೈಸ್ಕೂಲ್ ಅಡ್ಮಿಷನ್ ಬಗ್ಗೆ

ಪ್ರಶ್ನೆ: ನಮಸ್ಕಾರ ಮೇಡಂ. ಏಳನೇ ಕ್ಲಾಸಲ್ಲಿ ನಮ್ಮ ಮಗಳ ಸರಾಸರಿ 97, ಅವಳ ಫ್ರೆಂಡ್‌ದು 95. ಇಬ್ಬರೂ ಮಾರ್ಕ್ಸ್ ನೋಡಿ ಸೇರಿಸಿಕೊಳ್ಳುವ ಒಂದೇ ಸರ್ಕಾರಿ ಹೈಸ್ಕೂಲನ್ನು ಮೊದಲ ಆಯ್ಕೆಯಾಗಿ ಹಾಕಿದ್ದರು. ಸೀಟು ಸಿಕ್ಕಿದ್ದು ಫ್ರೆಂಡ್‌ಗೆ. ಶಾಲೆಯನ್ನು ಕೇಳಿದರೆ ‘ಕಂಪ್ಯೂಟರ್ ಹಂಚುತ್ತದೆ’ ಅಂತಾರೆ. ಏನೋ ಗೋಲ್‌ಮಾಲ್ ಇದೆ ಅಲ್ವಾ?

ಉತ್ತರ (ಪ್ರವೇಶ ಸಲಹೆಗಾರ್ತಿ): ಗೋಲ್‌ಮಾಲ್ ಇರಲಿಕ್ಕಿಲ್ಲ ಸರ್. ಆದರೆ ಶಾಲೆಯವರು ಕೊಟ್ಟ ಉತ್ತರ ಉತ್ತರವೇ ಅಲ್ಲ.

ಈ ಶಾಲೆಗಳು ಮಾರ್ಕ್ಸ್ ನೋಡಿ ಮಕ್ಕಳನ್ನು ಗುಂಪು ಮಾಡುತ್ತವೆ. ಒಂದೇ ಗುಂಪಿಗೆ ಬಿದ್ದರೆ 97 ಮತ್ತು 95 ಎರಡೂ ಸಮ. ಸೀಟಿಗಿಂತ ಮಕ್ಕಳು ಜಾಸ್ತಿ ಇದ್ದಾಗ ಲಾಟರಿ ನಂಬರ್ ತೀರ್ಮಾನಿಸುತ್ತದೆ. ಕೆಲವು ಶಾಲೆಗಳಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಒಂದಷ್ಟು ಸೀಟು ಮೀಸಲು. ಅದನ್ನೂ ನೋಡಿಕೊಳ್ಳಿ.

ಅರ್ಜಿ ಹಾಕಿದ ನಗರದ ವೆಬ್‌ಸೈಟ್ ಮೈಸ್ಕೂಲ್ಸ್‌ನಲ್ಲಿ ನಿಮ್ಮ ಖಾತೆ ತೆರೆಯಿರಿ. ಅಂಕಿ ಮತ್ತು ಎ ಇಂದ ಎಫ್ ತನಕದ ಅಕ್ಷರ ಸೇರಿದ, 32 ಚಿಹ್ನೆಗಳ ಉದ್ದನೆಯ ಸಾಲು ಇರುತ್ತದೆ. ಅದೇ ಲಾಟರಿ ನಂಬರ್. ಮೊದಲ ಚಿಹ್ನೆ ನೋಡಿದರೆ ಬಹುತೇಕ ಗೊತ್ತಾಗುತ್ತದೆ. 0 ಇದ್ದರೆ ಸರದಿಯ ಮುಂದೆ, 4 ಇದ್ದರೆ ಕಾಲುಭಾಗ ಮಕ್ಕಳ ಹಿಂದೆ, 8 ಇದ್ದರೆ ಅರ್ಧದಷ್ಟು ಜನ ನಿಮಗಿಂತ ಮುಂದೆ. ಎಫ್ ಅಂದರೆ ಬಾಲ. ಒಂದು ಮಗುವಿಗೆ ಒಂದೇ ನಂಬರ್, ಬರೆದ ಎಲ್ಲ ಶಾಲೆಗೂ ಅದೇ. ಅದೃಷ್ಟ ಕೆಟ್ಟರೆ ಎಲ್ಲ ಕಡೆಯೂ ಕೆಡುತ್ತದೆ. ನನಗೆ ಈ ಪದ್ಧತಿಯಲ್ಲಿ ಹಿಡಿಸದ್ದು ಇದೇ.

ಮೊದಲೆಲ್ಲ ಈ ನಂಬರನ್ನೇ ತೋರಿಸುತ್ತಿರಲಿಲ್ಲ. ಪೋಷಕರು ಬೆನ್ನುಬಿದ್ದ ಮೇಲೆ ತೋರಿಸತೊಡಗಿದರು. ಹಾಗಾಗಿ ಶಾಲೆಯವರನ್ನು ಎರಡೇ ಮಾತು ಕೇಳಿ: ನಮ್ಮ ಮಗು ಯಾವ ಗುಂಪಿನಲ್ಲಿತ್ತು? ಆ ಗುಂಪಿನಲ್ಲಿ ಎಷ್ಟನೇ ನಂಬರಿನ ತನಕ ಸೀಟು ಹೋಯಿತು?

ಇನ್ನೊಬ್ಬರು: ಹಾಗಾದ್ರೆ ಇಲ್ಲಿನ ಹೆಸರಾಂತ ಸರ್ಕಾರಿ ಹೈಸ್ಕೂಲ್ ಸ್ಟೈವೆಸಂಟ್ ಥರ ಬರೀ ಪರೀಕ್ಷೆ ಇಟ್ಟುಬಿಟ್ಟರೆ ತಕರಾರೇ ಇರಲ್ಲ ಅಲ್ವಾ ಮೇಡಂ?

ಉತ್ತರ: ತಕರಾರು ಅಲ್ಲೇ ಜಾಸ್ತಿ! ನಿಯಮವೇನೋ ಕನ್ನಡಿಯಷ್ಟು ಸ್ಪಷ್ಟ. 1971ರ ರಾಜ್ಯ ಕಾನೂನಿನ ಪ್ರಕಾರ ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್‌ಗೆ ಒಂದೇ ಪ್ರವೇಶ ಪರೀಕ್ಷೆ. ಅದರ ಅಂಕವೇ ಲೆಕ್ಕ. ಶಿಫಾರಸು, ಸಂದರ್ಶನ ಯಾವುದೂ ಇಲ್ಲ. ಆದರೆ 2019ರಲ್ಲಿ ಸ್ಟೈವೆಸಂಟ್ ಕೊಟ್ಟ 895 ಸೀಟುಗಳಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕಿದ್ದು 7. ಯಾರೂ ಮೋಸ ಮಾಡಿಲ್ಲ. ಪರೀಕ್ಷೆ ಇದೆ ಅನ್ನುವುದೇ ಕೆಲವು ಮನೆಗಳಿಗೆ ತಡವಾಗಿ ಗೊತ್ತಾಗುತ್ತದೆ, ಇನ್ನು ಕೆಲವರು ಎರಡು ವರ್ಷ ಮೊದಲೇ ಕೋಚಿಂಗ್ ಶುರು ಮಾಡಿರುತ್ತಾರೆ. (ನಮ್ಮವರೂ ಅದರಲ್ಲಿ ಹಿಂದೆ ಬಿದ್ದಿಲ್ಲ, ಬಿಡಿ.) ಕಟ್‌ಆಫ್‌ಗಿಂತ ಸ್ವಲ್ಪ ಕೆಳಗಿರುವ ಬಡ ಮಕ್ಕಳಿಗೆ ಬೇಸಿಗೆ ತರಗತಿ ನಡೆಸಿ ಸೀಟು ಕೊಡುವ ‘ಡಿಸ್ಕವರಿ’ ಯೋಜನೆ ಇದೆ. ಅಷ್ಟರಿಂದ ಈ ಅಂತರ ತುಂಬಲ್ಲ. ಎಲ್ಲವೂ ಬಯಲಲ್ಲೇ ನಡೆದರೂ ನ್ಯಾಯವಾಗಿ ನಡೆದಿದೆ ಅಂತ ಆಗಲ್ಲ.

ಮೊದಲಿನವರು: ಥ್ಯಾಂಕ್ಸ್ ಮೇಡಂ. ನಂಬರ್ ನೋಡಿದೆ, ‘ಡಿ’ ಇಂದ ಶುರು. ಚಿಕ್ಕವನಿಗೂ ಹೀಗೇ ಬಂದರೆ? ದೊಡ್ಡ ಶಾಲೆಯನ್ನು ಮೊದಲು ಬರೆದರೆ ಎರಡನೆಯದ್ದೂ ಕೈತಪ್ಪುತ್ತಾ?

ಉತ್ತರ: ಇಲ್ಲ ಸರ್. ಹಿಂದೆ ಆ ಭಯ ನಿಜವಾಗಿತ್ತು. ತಮ್ಮನ್ನು ಮೊದಲು ಬರೆಯದ ಮಕ್ಕಳನ್ನು ಕೆಲವು ಶಾಲೆಗಳು ನೋಡುತ್ತಲೇ ಇರಲಿಲ್ಲ. 2003ರಲ್ಲಿ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಮತ್ತು ಜೊತೆಗಾರರು ಹಂಚಿಕೆಯನ್ನು ಹೊಸದಾಗಿ ರೂಪಿಸಿದರು. ಈಗ ನೀವು ಎಷ್ಟನೆಯದಾಗಿ ಬರೆದಿದ್ದೀರಿ ಅಂತ ಶಾಲೆಗೆ ಕಾಣಲ್ಲ. ಮೊದಲನೆಯದು ತಪ್ಪಿದರೆ, ಎರಡನೆಯದನ್ನೇ ಮೊದಲು ಬರೆದವರಷ್ಟೇ ಹಕ್ಕು ಅಲ್ಲಿ ಇರುತ್ತದೆ. ಅವನಿಗೆ ಯಾವುದು ಇಷ್ಟವೋ ಅದೇ ಕ್ರಮದಲ್ಲಿ ಬರೆಯಿರಿ, ಲೆಕ್ಕಾಚಾರ ಹಾಕಬೇಡಿ. ಮೂರ್ನಾಲ್ಕು ಹೆಸರಾಂತ ಶಾಲೆ ಬರೆದು ಸುಮ್ನಾಗಬೇಡಿ ಅಷ್ಟೇ. ಒಂದು ಸೀಟಿಗೆ ಎಷ್ಟು ಅರ್ಜಿ ಬಂದಿತ್ತು ಅಂತ ಮೈಸ್ಕೂಲ್ಸ್‌ನಲ್ಲಿ ಶಾಲೆಯ ವಿವರದ ಜೊತೆಗೇ ಇರುತ್ತದೆ. ಅರ್ಜಿ ಕಡಿಮೆ ಇರುವ ಒಂದೆರಡನ್ನು ಕೊನೆಗೆ ಸೇರಿಸಿ. ಮಗಳ ಹೆಸರನ್ನು ವೇಟಿಂಗ್ ಲಿಸ್ಟ್‌ನಿಂದ ತೆಗೆಸಬೇಡಿ.